ಮಿನ್ನಿ ಎಲ್ಲಿ?

ಕೆಲವರಿಗೆ ಅಂಚೆಚೀಟಿ ಕೂಡಿಹಾಕುವ ಹವ್ಯಾಸ ಇರುತ್ತದೆ, ಕೆಲವರಿಗೆ ಹಳೆಯ ನಾಣ್ಯ ಹುಡುಕುವ ಹುಚ್ಚು. ನನ್ನದು ಹೆದರಿಕೆ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಬಹಳ ವರ್ಷ ಶ್ರದ್ಧೆಯಿಂದ ಬೆಳೆಸಿಕೊಂಡು ಬಂದದ್ದರ ಬಗ್ಗೆ ಮನುಷ್ಯನಿಗೆ ಒಂದಿಷ್ಟು ಅಭಿಮಾನ ಇದ್ದೇ ಇರುತ್ತದೆ. ಧಾರವಾಡ ಬಿಟ್ಟು ಮುಂಬಯಿಗೆ ಬಂದಾಗ ನಾನು ಸಾಧಾರಣ ಮಟ್ಟದ ಪುಕ್ಕಲನಾಗಿದ್ದೆ, ಅಷ್ಟೆ. ಆಮೇಲೆ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾದೆ, ಅದೂ ಅಪಘಾತ ವಿಭಾಗದಲ್ಲಿ. ಮೆಟ್ಟಿಲಿನಿಂದ ಜಾರಿದವರು, ಬಸ್ಸಿನ ಫುಟ್‌ಬೋರ್ಡಿನಿಂದ ಬಿದ್ದವರು, ತಮ್ಮದೇ ಮನೆಯ ಬಚ್ಚಲಲ್ಲಿ ಕಾಲು ಮುರಿದುಕೊಂಡವರು ಎಲ್ಲರೂ ನನ್ನ ಮೇಜಿಗೇ ಕಾಗದ ಬರೆಯುತ್ತಾರೆ. ಕ್ಷೇಮವಾಗಿ ಮನೆ ಸೇರಿದವನು ವಿಮಾ ಕಚೇರಿಗೆ ಯಾಕೆ ಬರೆದಾನು? ಹೀಗಾಗಿ ಅಂಥವನೊಬ್ಬ ಜಗತ್ತಿನಲ್ಲಿ ಇದ್ದಾನೆಂಬುದಕ್ಕೆ ನನ್ನ ಬಳಿ ಲಿಖಿತ ದಾಖಲೆಯೇ ಇಲ್ಲ.

ಮೊನ್ನೆಯ ಯುದ್ಧದ ಕಾಲದಲ್ಲಿ ಊರಿಗೆ ಊರೇ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿತಲ್ಲ, ಯುದ್ಧ ಮುಗಿದ ಮರುದಿನವೇ ನಮ್ಮ ಪಾರ್ಲೆಯ ಚಾಳಿನವರೆಲ್ಲ ಅದನ್ನು ಕಿತ್ತೆಸೆದರು. ನಮ್ಮ ಕಿಟಕಿಯಲ್ಲಿ ಅದು ಇನ್ನೂ ಒಂದು ವರ್ಷ ಇತ್ತು. ಯುದ್ಧ ಮುಗಿದ ಸುದ್ದಿ ರೇಡಿಯೋದಲ್ಲಿ ಬಂದದ್ದೇನೋ ನಿಜ, ಆದರೆ ಎದುರಾಳಿ ದೇಶದವರೂ ಅದೇ ಸ್ಟೇಶನ್ ಕೇಳುತ್ತಾರೆಂದು ಯಾರು ಹೇಳಬೇಕು? "ಆ ಕರೇ ಹಾಳಿ ಇನ್ನರೆ ತೆಗೀರಿ, ಒಂದೀಟು ಗಾಳಿ ಬೆಳಕ ಬರಲಿ. ವಿಮಾನದವರು ನಮ್ಮ ಚಾಳ ಹುಡಿಕ್ಕೋಂತ ಬರೂದಿಲ್ಲ" ಎಂದು ನನ್ನ ಹೆಂಡತಿ ಸುಮಿತ್ರಾ ಹೇಳಿ ಹೇಳಿ ಸಾಕಾಗಿ, ಕೊನೆಗೆ ನಾನು ಕಚೇರಿಗೆ ಹೋದಾಗ ತಾನೇ ತೆಗೆದಳು.

ಈ ಹೆದರಿಕೆಗೆಲ್ಲ ಒಂದು ನೆಲೆ ಸಿಕ್ಕಿದ್ದು ನಮ್ಮ ಮಗ ರಘು ಹುಟ್ಟಿದ ಮೇಲೆ. ಅವನಿಗೀಗ ಹನ್ನೆರಡು ತುಂಬಿದೆ. ಎತ್ತರ ನನ್ನ ಭುಜದವರೆಗೆ, ಮಾತು ಮೂರು ವರ್ಷದ ಮಗುವಿನದು. ಬುದ್ಧಿ ಬೆಳೆಯುವುದು ನಿಧಾನ ಎಂದು ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಆಮೇಲೆ ಅಳುವುದಕ್ಕೆ ಪುರುಸೊತ್ತಾಗಲಿಲ್ಲ, ಯಾಕೆಂದರೆ ಅವನು ನಡೆಯುವುದನ್ನು ಕಲಿತ. ಕೈ ಬಿಟ್ಟರೆ ಸಾಕು, ಕಣ್ಣಿಗೆ ಚೆಂದ ಕಂಡದ್ದರ ಹಿಂದೆ ಹೊರಟುಬಿಡುತ್ತಾನೆ. ಒಮ್ಮೆ ಮದುವೆಯ ಬ್ಯಾಂಡಿನವರ ಹಿಂದೆ ಹೋದವನು ಸಾಂತಾಕ್ರೂಜಿನಲ್ಲಿ ಬೀಗರ ಪಂಕ್ತಿಯಲ್ಲಿ ಕೂತು ಜಿಲೇಬಿ ತಿನ್ನುತ್ತಿದ್ದ. ಅವನಿಗೆ ಅದು ಬಹಳ ಒಳ್ಳೆಯ ದಿನ. ನನ್ನ ತಲೆಯ ಮುಂಭಾಗದ ಕೂದಲು ಬೆಳ್ಳಗಾದದ್ದು ಆ ದಿನವೇ.

ಆ ರಾತ್ರಿಯೇ ನಾನು ಒಂದು ಬಿಳಿ ಬಟ್ಟೆಯ ಪಟ್ಟಿಯ ಮೇಲೆ ಅವನ ಹೆಸರು, ನಮ್ಮ ವಿಳಾಸ ಬರೆದು ಸುಮಿತ್ರಾಳಿಂದ ಅವನ ಎಲ್ಲ ಅಂಗಿಗಳ ಒಳಮಗ್ಗುಲಿಗೆ ಹೊಲಿಸಿದೆ. ಇಂಗ್ಲಿಷಿನಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು. ಮುಂಬಯಿಯಲ್ಲಿ ಕನ್ನಡ ಯಾರು ಓದುತ್ತಾರೆ ಎಂದು ಅವಳು ನಕ್ಕಳು. ನಾನು ನಗಲಿಲ್ಲ. ಯಾವ ಸ್ಟೇಶನ್ನಿನಲ್ಲಿ ಇಳಿದರೂ ಎದುರಿಗೆ ಒಂದು ಉಡುಪಿ ಹೋಟೆಲ್ ಇದೆ, ಗಲ್ಲಾದಲ್ಲಿ ಒಬ್ಬ ಶೆಟ್ಟರೋ ರಾಯರೋ ಕೂತಿರುತ್ತಾರೆ, ಇಡ್ಲಿಯ ವಾಸನೆಗೆ ರಘು ಅಲ್ಲಿಗೆ ಹೋಗಿಯೇ ಹೋಗುತ್ತಾನೆ. ಇದು ಹೆದರಿಕೆಯಲ್ಲ, ಲೆಕ್ಕಾಚಾರ.

ಇದರ ಮೇಲೆ ಪ್ರತಿ ರವಿವಾರ ಒಂದು ತಾಲೀಮು. ಮಂಚವೇ ಲೋಕಲ್, ಹೊಸ್ತಿಲು ಪ್ಲಾಟ್‌ಫಾರ್ಮ್. ರಘು ಕಳೆದುಹೋಗುತ್ತಾನೆ. ಕಳೆದುಹೋದವನು ಪಾಲಿಸಬೇಕಾದ ಕಾಯದೆಗಳು ಮೂರು: ಇದ್ದ ಜಾಗ ಬಿಟ್ಟು ಕದಲಬಾರದು, ಗಡಿಯಾರದ ಕೆಳಗೆ ನಿಲ್ಲಬೇಕು, ಯಾರು ಏನು ಕೊಟ್ಟರೂ ತಿನ್ನಬಾರದು. ಟಿಕೇಟು ಕಲೆಕ್ಟರ್, ಪೋಲೀಸ, ಹೋಟೆಲಿನ ಶೆಟ್ಟರು ಈ ಮೂರೂ ಪಾತ್ರ ನನ್ನ ಮಗಳು ಮಿನ್ನಿಯದು. ರಘುವಿಗಿಂತ ಮೂರು ವರ್ಷ ಚಿಕ್ಕವಳು. ಅವಳು ಗಲ್ಲಾದಲ್ಲಿ ಕೂತು ಗಂಭೀರವಾಗಿ "ಯಾರಪ್ಪ ನೀ, ಎಲ್ಲಿಂದ ಬಂದಿ?" ಎಂದು ಕೇಳಿದ ಕೂಡಲೇ ರಘು ಚಪ್ಪಾಳೆ ತಟ್ಟಿ "ಮಿನ್ನಿ, ಇಡ್ಲಿ" ಅನ್ನುತ್ತಿದ್ದ. ಎರಡು ವರ್ಷ ತಾಲೀಮು ನಡೆದರೂ ಅವನು ಒಂದು ಕಾಯದೆಯನ್ನೂ ಕಲಿಯಲಿಲ್ಲ.

ಮಿನ್ನಿಯ ಬಗ್ಗೆ ಹೇಳುವುದು ಹೆಚ್ಚೇನೂ ಇರಲಿಲ್ಲ, ತಪ್ಪು ಅಲ್ಲೇ ಇತ್ತೆಂದು ಈಗ ಅನಿಸುತ್ತದೆ. "ಅಕಿ ಶಾಣ್ಯಾಕಿ, ಅಕಿದೇನೂ ಚಿಂತಿಲ್ಲ" ಎಂಬುದು ನಮ್ಮ ಮನೆಯ ಮಂತ್ರ. ರಘುವಿಗೆ ತಲೆ ಬಾಚುವವಳು ಅವಳು, ಗುಂಡಿ ಹಾಕುವವಳು ಅವಳು, ಚಾಳಿನ ಹುಡುಗರು ಅವನನ್ನು ಆಟಕ್ಕೆ ಸೇರಿಸಿಕೊಳ್ಳದಿದ್ದರೆ ತಾನೂ ಆಟ ಬಿಟ್ಟು ಬರುವವಳು ಅವಳು. ಅವಳ ಪುಸ್ತಕ ಅವನು ಹರಿದರೆ, ಅವಳ ಹುಟ್ಟುಹಬ್ಬದ ದಿನ ಅವನಿಗೆ ಜ್ವರ ಬಂದು ಪಾಯಸ ನಿಂತುಹೋದರೆ, ಅವಳ ಬಾಯಲ್ಲಿ ಒಂದೇ ಮಾತು, "ಚಲೇಗಾ." ನಡೆಯುತ್ತದೆ ಬಿಡು ಅನ್ನುವುದಕ್ಕೂ ಮುಂಬಯಿಯಲ್ಲಿ ಹುಟ್ಟಿದ ಮಗುವಿಗೆ ಹಿಂದಿಯೇ ಮೊದಲು ಬರುತ್ತದೆ. ಆ 'ಚಲೇಗಾ' ಕೇಳಿದಾಗಲೆಲ್ಲ ನನಗೆ ಹಾಯೆನಿಸುತ್ತಿತ್ತು. ಹೆದರಬೇಕಾದವುಗಳ ಪಟ್ಟಿಯಲ್ಲಿ ಒಂದಾದರೂ ಕಡಿಮೆಯಾಯಿತಲ್ಲ ಎಂದು.

ಅವಳ ಬಗ್ಗೆ ಚಿಂತೆ ಮಾಡುತ್ತಿದ್ದವನು ಮನೆಯಲ್ಲಿ ಒಬ್ಬನೇ, ರಘು. "ಮಿನ್ನಿ ಎಲ್ಲಿ?" ಎಂದು ದಿನಕ್ಕೆ ನೂರು ಸಲ ಕೇಳುತ್ತಾನೆ. ಅವಳು ಶಾಲೆಗೆ ಹೋದಾಗ ಕೇಳುವುದಿರಲಿ, ಎದುರಿಗೆ ಕೂತು ಅವನ ತಲೆ ಬಾಚುತ್ತಿರುವಾಗಲೂ ಕೇಳುತ್ತಾನೆ. ನಾವೂ ಪತ್ರಿಕೆಯಿಂದ ತಲೆ ಎತ್ತದೆ, ಒಲೆಯಿಂದ ಕಣ್ಣು ತೆಗೆಯದೆ "ಬರ್ತಾಳ", "ಇಲ್ಲೇ ಅದಾಳ", "ಅವ್ವನ ಜೋಡಿ ಅದಾಳ" ಎಂದು ಬಾಯಿಗೆ ಬಂದ ಉತ್ತರ ಕೊಡುತ್ತಿದ್ದೆವು.

ಹೀಗಿರುವಾಗ ಕಳೆದ ದೀಪಾವಳಿಗೆ ಎರಡು ವಾರ ಮುಂಚೆ ರಘುವಿನ ಶಾಲೆಯಿಂದ ಒಂದು ಚೀಟಿ ಬಂತು. ಮಾಟುಂಗದಲ್ಲಿ ಅಂಥ ಮಕ್ಕಳಿಗಾಗಿ ನಡೆಯುವ ಸಣ್ಣ ಶಾಲೆ ಅದು. ಅಲ್ಲಿನ ಬಾಯಿ, ಅಂದರೆ ಮೇಡಮ್ಮು, ದೇವಧರ್ ಎಂದು ಹೆಸರು. ಆಕೆ ತಿಂಗಳಿಗೊಂದು ರವಿವಾರ ಮನೆಮಂದಿಯೆಲ್ಲ ಸೇರುವ ಮೇಳಾವಾ ಶುರುಮಾಡುತ್ತಾರಂತೆ, ನಮ್ಮ ಮಕ್ಕಳ ಅಣ್ಣ ತಮ್ಮ ಅಕ್ಕ ತಂಗಿಯರನ್ನು ತಪ್ಪದೆ ಕರೆತರಬೇಕಂತೆ, ಆ ದಿನ ಅವರದೇ ಅಂತೆ. ಚೀಟಿಯನ್ನು ಎರಡು ಸಲ ಓದಿದೆ. ಮಿನ್ನಿಗೇನಾಗಿದೆ? ಅವಳನ್ನು ಯಾಕೆ ಕರೆಯುತ್ತಾರೆ? ನಮ್ಮ ಕಚೇರಿಯಲ್ಲಿ ಏನೂ ಆಗದವನನ್ನು ಯಾರೂ ಕರೆಸುವುದಿಲ್ಲ. ಸುಮಿತ್ರಾ ಮಾತ್ರ "ಛಲೋ ಆತು, ಅಕೀಗೂ ಒಂದು ದಿನ ಬ್ಯಾರೆ ಆಗ್ತದ" ಎಂದು ಮಿನ್ನಿಯ ಫ್ರಾಕಿಗೆ ಇಸ್ತ್ರಿ ಹಾಕಿದಳು.

ಮೇಳಾವಾದಲ್ಲಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಬಾಯಿ ಅಣ್ಣತಂಗಿಯರ ಗುಂಪನ್ನಷ್ಟೆ ಒಂದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ಒಳಗೆ ಬಿದಿರುಕಡ್ಡಿ, ಬಣ್ಣದ ಹಾಳೆ, ಅಂಟು. ಎಲ್ಲರೂ ಸೇರಿ ದೀಪಾವಳಿಗೆ ಆಕಾಶಬುಟ್ಟಿ ಮಾಡುವುದು, ಮಾಡುತ್ತ ಮಾತಾಡುವುದು. ತಂದೆತಾಯಿಗಳೆಲ್ಲ ಹೊರಗೆ ಬೆಂಚಿನ ಮೇಲೆ. ಹತ್ತು ಜನ ಗಂಡಸರಿದ್ದೆವು. ಎಲ್ಲರೂ ಆ ಬಾಗಿಲನ್ನೇ ನೋಡುತ್ತಿದ್ದೆವು. ಮಕ್ಕಳು ನಮ್ಮ ಬಗ್ಗೆ ಏನು ಹೇಳುತ್ತಿರಬಹುದು? ನಾನು ನೀರು ಕುಡಿಯುವ ನೆವದಿಂದ ಎರಡು ಸಲ, ಚಪ್ಪಲಿ ಹುಡುಕುವ ನೆವದಿಂದ ಒಂದು ಸಲ ಕಿಟಕಿಯ ಹತ್ತಿರ ಹೋಗಿ ಬಂದೆ. ಮೂರನೆಯ ಸಲ ಬಾಯಿ ಒಳಗಿನಿಂದ ಕಿಟಕಿ ಹಾಕಿದರು.

ಸಂಜೆ ಎಲ್ಲರೂ ಹೊರಡುವಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದರು. ಮಿನ್ನಿಯ ಆಕಾಶಬುಟ್ಟಿ ಅರ್ಧ ಆಗಿದ್ದಾಗ ಒಬ್ಬ ಹುಡುಗ ಅದರ ಮೇಲೆ ಕೂತನಂತೆ. ಇವಳು ಚಲೇಗಾ ಎಂದು ಇನ್ನೊಂದು ಶುರುಮಾಡಿದಳಂತೆ. ಮನೆಯಲ್ಲಿ ನಿನಗೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದರೆ, ಚಲೇಗಾ. ಅಳು ಬರುವುದಿಲ್ಲವೇ ಎಂದರೆ, ಚಲೇಗಾ. "ಒಂಬತ್ತು ವರ್ಷದ ಹುಡುಗಿ ಯಾವುದಕ್ಕೂ ಅಳುವುದಿಲ್ಲ ಅಂದರೆ ನನಗೆ ಹೆದರಿಕೆಯಾಗುತ್ತದೆ" ಎಂದು ಮರಾಠಿಯಲ್ಲಿ ಹೇಳಿದರು. ಈ ಹೆದರಿಕೆ ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಇದೊಂದನ್ನು ಹೇಗೆ ಬಿಟ್ಟೆನೆಂದು ನಾಚಿಕೆಯಾಯಿತು. ಆಕೆ ಒಂದು ಸಣ್ಣ ಕೆಲಸ ಕೊಟ್ಟರು. ಯಾವಾಗಲೂ ಮಿನ್ನಿ ತಾಯಿಯ ಜೊತೆ ಲೇಡೀಸ್ ಡಬ್ಬಿಯಲ್ಲಿ, ರಘು ನಿಮ್ಮ ಜೊತೆ ಗಂಡಸರ ಡಬ್ಬಿಯಲ್ಲಿ ಹೋಗುತ್ತಾರಲ್ಲ, ಇವತ್ತು ಮಿನ್ನಿ ನಿಮ್ಮ ಜೊತೆ ಬರಲಿ, ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡಿರಿ, ಅಷ್ಟೇ ಸಾಕು ಎಂದರು.

"ಹಂಗಾರ ಇಬ್ಬರನ್ನೂ ನೀವ ಕರಕೊಂಡು ಬರ್ರಿ" ಎಂದಳು ಸುಮಿತ್ರಾ. "ರಘು ನಿಮ್ಮನ್ನ ಬಿಟ್ಟು ಲೇಡೀಸ್‌ಕ ಬರೂದಿಲ್ಲ. ನಾ ಪಾರ್ಲೆದಾಗ ಪೂಲಿನ ಮೆಟ್ಟಲ ಬುಡಕ ನಿಂತಿರತೀನಿ." ಹೀಗೆ ನಿಶ್ಚಯವಾಗಿ, ಮಾಟುಂಗಾ ರೋಡ್ ಸ್ಟೇಶನ್ನಿನಲ್ಲಿ ಅವಳು ಲೇಡೀಸ್ ಡಬ್ಬಿ ನಿಲ್ಲುವ ಕಡೆಗೆ ಮುಂದೆ ನಡೆದಳು. ನಾನು ಬಲಗೈಯಲ್ಲಿ ರಘುವನ್ನೂ ಎಡಗೈಯಲ್ಲಿ ಮಿನ್ನಿಯನ್ನೂ ಹಿಡಿದುಕೊಂಡು ನಿಂತೆ. ಮಿನ್ನಿಯ ಇನ್ನೊಂದು ಕೈಯಲ್ಲಿ ಆಕಾಶಬುಟ್ಟಿ. ಹಬ್ಬದ ಮುಂಚಿನ ರವಿವಾರ, ದಾದರಿನಲ್ಲಿ ಸಾಮಾನು ಕೊಂಡವರಿಂದಲೇ ಗಾಡಿ ತುಂಬಿ ಬಂತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಆಗ ರಘು ಪಕ್ಕದಲ್ಲಿ ಯಾರದೋ ಕೈಯಲ್ಲಿದ್ದ ಬಲೂನು ನೋಡಿ ಒಂದು ಹೆಜ್ಜೆ ಆಚೆಗಿಟ್ಟ. ಆಮೇಲೆ ನಡೆದದ್ದು ಬುದ್ಧಿಯ ಕೆಲಸವಲ್ಲ, ಹನ್ನೆರಡು ವರ್ಷದ ಅಭ್ಯಾಸದ ಕೆಲಸ. ಎರಡೂ ಕೈಯಿಂದ ಅವನನ್ನು ಬಾಚಿ ತಬ್ಬಿಕೊಂಡೆ, ಹಿಂದಿನವರು ನೂಕಿದರು, ಒಳಗಿದ್ದೆ. ಗಾಡಿ ಹೊರಟಿತು.

ಒಳಗೆ ಕಾಲೂರಿ ನಿಂತ ಮೇಲೆ ಸುತ್ತ ನೋಡಿದೆ, ಮಿನ್ನಿ ಕಾಣಲಿಲ್ಲ. ಎಂದಿನ ಹಾಗೆ ತಾಯಿಯ ಹತ್ತಿರ ಓಡಿಹೋಗಿರಬೇಕು ಅಂದುಕೊಂಡೆ. ಶಾಣ್ಯಾಕಿ. ನೋಡಿ, ಹಲ್ಲಿ ಲೊಚಗುಟ್ಟಿದರೆ ಎದ್ದು ಕೂರುವ ನಾನು ಇಷ್ಟು ದೊಡ್ಡ ವಿಷಯದಲ್ಲಿ ಎಷ್ಟು ಸಲೀಸಾಗಿ ಸಮಾಧಾನ ಮಾಡಿಕೊಂಡೆ. ಮಾಹೀಮ್ ಬರುವಷ್ಟರಲ್ಲಿ ರಘು ಕೇಳಿದ, "ಮಿನ್ನಿ ಎಲ್ಲಿ?" "ಅವ್ವನ ಜೋಡಿ ಅದಾಳ. ಸುಮ್ಕಿರು" ಎಂದೆ. ಬಾಂದ್ರಾದಲ್ಲಿ ಮತ್ತೆ ಕೇಳಿದ. ಅದೇ ಉತ್ತರ. ಖಾರಿನಲ್ಲಿ ನನ್ನ ಅಂಗಿ ಹಿಡಿದು ಜಗ್ಗಿ ಕೇಳಿದ. ಪಕ್ಕದವರು ನಮ್ಮನ್ನು ನೋಡಿದರು, ನನಗೆ ಇರುಸುಮುರುಸಾಗಿ ಸ್ವಲ್ಪ ಗದರಿದೆ. ಸಾಂತಾಕ್ರೂಜಿನಲ್ಲಿ ಅವನು ಅಳಲು ಶುರುಮಾಡಿದ. ಈ ಹುಡುಗ ಎಂದೂ ಗಾಡಿಯಲ್ಲಿ ಅತ್ತವನಲ್ಲ, ತೂಗಾಡುವ ಹಿಡಿಕೆಗಳನ್ನು ನೋಡುತ್ತ ನಗುವವನು. ಆದರೂ ನನಗೆ ತಿಳಿಯಲಿಲ್ಲ. ಹಸಿವಾಗಿರಬೇಕು ಅಂದುಕೊಂಡೆ.

ಪಾರ್ಲೆಯಲ್ಲಿ ಸೇತುವೆಯ ಮೆಟ್ಟಿಲ ಬುಡದಲ್ಲಿ ಸುಮಿತ್ರಾ ಒಬ್ಬಳೇ ನಿಂತಿದ್ದಳು. ನಾನು ಅವಳ ಹಿಂದೆ ನೋಡಿದೆ, ಅವಳು ನನ್ನ ಹಿಂದೆ ನೋಡಿದಳು. "ಮಿನ್ನಿ ನಿಮ್ಮ ಜೋಡಿ ಇಲ್ಲೇನ್ರಿ?" ಎಂದಳು. ರಘು ನಮ್ಮಿಬ್ಬರ ನಡುವೆ ನಿಂತು ಬಿಕ್ಕುತ್ತ ಅದೇ ಪ್ರಶ್ನೆ ಕೇಳಿದ, ಆಗ ಮೊದಲ ಸಲ ನಾವಿಬ್ಬರೂ ಆ ಪ್ರಶ್ನೆಯನ್ನು ಕೇಳಿಸಿಕೊಂಡೆವು. ಸುಮಿತ್ರಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀವು ಹಿಂದಕ್ಕ ಹೋಗ್ರಿ. ಮುಂದಿನ ಗಾಡಿಗೆ ಬಂದರೂ ಬಂದಾಳು, ನಾವು ಇಲ್ಲೇ ನಿಂತಿರತೀವಿ" ಎಂದು ರಘುವಿನ ಕೈ ಹಿಡಿದಳು.

ಹಿಂದಿರುಗುವ ಗಾಡಿಯಲ್ಲಿ ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಪೋಲೀಸರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಹೆಸರು, ವಯಸ್ಸು, ಎತ್ತರ, ತೊಟ್ಟ ಬಟ್ಟೆಯ ಬಣ್ಣ. ಬಣ್ಣಕ್ಕೆ ಬಂದಾಗ ನಿಂತುಬಿಟ್ಟೆ. ಮಿನ್ನಿ ಯಾವ ಬಣ್ಣದ ಫ್ರಾಕು ತೊಟ್ಟಿದ್ದಾಳೆ? ರಘುವಿನದಾದರೆ ನೀಲಿ ಚೌಕಡಿ ಅಂಗಿ, ಖಾಕಿ ಚಡ್ಡಿ, ಮೇಲಿಂದ ಎರಡನೆಯ ಗುಂಡಿ ಬೇರೆ ಬಣ್ಣದ್ದು. ಕಣ್ಣುಮುಚ್ಚಿ ಹೇಳಬಲ್ಲೆ. ಮಿನ್ನಿಯದು ಹಳದಿಯೇ? ಬಿಳಿಯೇ? ಎರಡು ಜಡೆಯೇ, ಒಂದೇ? ಬೆಳಗಿನಿಂದ ನನ್ನ ಪಕ್ಕದಲ್ಲಿದ್ದ ಮಗುವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವಳ ಅಂಗಿಯಲ್ಲಿ ಪಟ್ಟಿ ಇಲ್ಲ, ವಿಳಾಸ ಇಲ್ಲ. ಅವಳು ಕಳೆದುಹೋಗಬಹುದೆಂದು ಯಾರಿಗೂ ಅನಿಸಿರಲೇ ಇಲ್ಲ. ಇಷ್ಟು ವರ್ಷ ನಾನು ಹೆದರಿಕೆ ಎಂದು ಕರೆದದ್ದೆಲ್ಲ ಬರೀ ಆಟ, ನಿಜವಾದ ಹೆದರಿಕೆ ಇದು ಎಂದು ಬಾಂದ್ರಾದ ಹತ್ತಿರ ಗೊತ್ತಾಯಿತು. ಎದುರಿನಿಂದ ಬಂದ ಪ್ರತಿ ಗಾಡಿಯ ಬಾಗಿಲಲ್ಲೂ ಒಬ್ಬ ಹುಡುಗಿಯನ್ನು ಹುಡುಕಿದೆ, ಅದೂ ಯಾವ ಬಣ್ಣವನ್ನು ಹುಡುಕಬೇಕೆಂದು ತಿಳಿಯದೆ.

ಹಸಿರು. ಹಸಿರು ಫ್ರಾಕು, ಎರಡು ಜಡೆ. ಮಾಟುಂಗಾ ರೋಡಿನ ಪ್ಲಾಟ್‌ಫಾರ್ಮಿನಲ್ಲಿ, ಸರಿಯಾಗಿ ಗಡಿಯಾರದ ಕೆಳಗೆ, ಆಕಾಶಬುಟ್ಟಿಯನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡು ನಿಂತಿದ್ದಳು. ಪಕ್ಕದಲ್ಲಿ ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಕೋಳಿ ಜನಾಂಗದ ಒಬ್ಬ ಹೆಂಗಸು ಕೂತಿದ್ದಳು. ಮನೆಗೆ ಹೊರಟಿದ್ದವಳು ಇವಳನ್ನು ಬಿಟ್ಟುಹೋಗಲಾರದೆ ಮೂರು ಗಾಡಿ ಬಿಟ್ಟಿದ್ದಳಂತೆ. ಇವಳಿಗೆ ಬಾಳೆಹಣ್ಣು ಕೊಡಹೋದರೆ ಬೇಡ ಎಂದಳಂತೆ, ಬೆಂಚಿನ ಮೇಲೆ ಕೂತುಕೋ ಅಂದರೆ ಅದಕ್ಕೂ ಒಲ್ಲೆ ಎಂದಳಂತೆ. ನನ್ನ ಮೂರೂ ಕಾಯದೆಗಳನ್ನು ಒಬ್ಬರು ಅಕ್ಷರಶಃ ಕಲಿತಿದ್ದರು, ನಾನು ಕಲಿಸಿದ್ದು ಮಾತ್ರ ಬೇರೆಯವನಿಗೆ.

ನಾನು ಅವಳ ಮುಂದೆ ಕುಕ್ಕರಿಸಿ ಕೂತು ಏನೇನೋ ತೊದಲಿದೆ. ತಪ್ಪಾಯಿತು ಅಂದೆ, ಗದ್ದಲ ಇತ್ತು ಅಂದೆ. ಮಿನ್ನಿ ನನ್ನ ಮುಖ ನೋಡಿ, ದೊಡ್ಡವರು ಚಿಕ್ಕವರಿಗೆ ಸಮಾಧಾನ ಹೇಳುವ ದನಿಯಲ್ಲಿ "ಚಲೇಗಾ, ಅಪ್ಪಾ" ಎಂದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆಗಲೂ ಹಾಯೆನಿಸಿತು. ಅಲ್ಲಿಗೆ ಮುಗಿಸಿ ಎದ್ದುಬಿಡುತ್ತಿದ್ದೆನೇನೋ. ಆ ಹೆಂಗಸು ಬಿಡಲಿಲ್ಲ. "ಬಾಪ ಆಹೇಸ ನಾ ತೂ ಹಿಚಾ?" ಇವಳಪ್ಪ ತಾನೇ ನೀನು ಎಂದು ನನ್ನನ್ನು ಕೇಳಿ, ಮಿನ್ನಿಯ ಕಡೆ ತಿರುಗಿ, ಚಲೇಗಾ ಅನ್ನಬೇಡ ಮಗಳೇ, ಇದು ಚಲೇಗಾ ಅನ್ನುವಂಥದಲ್ಲ ಎಂದು ತನ್ನ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದಳು.

ಮಿನ್ನಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಕೆಳತುಟಿ ಮುಂದೆ ಬಂತು. ಆಮೇಲೆ ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡುವ ಹಾಗೆ ಅತ್ತಳು. ಅಳುತ್ತಲೇ ಹೇಳಿದಳು, "ಹಿಡಕೋಬೇಕಂದ್ರ ನಿಮ್ಮ ಎರಡೂ ಕೈ ರಘೂನ ಮ್ಯಾಲ ಇದ್ವು. ಅವ್ವನ ಕಡೆ ಓಡಿ ಹೋಗ್ತಿದ್ದೆ, ಇವತ್ತ ಅಪ್ಪನ ಜೋಡಿ ಅಂತ ಹೇಳಿದ್ರಲ್ಲ, ಅದಕ್ಕ ನಿಂತೆ. ರಘೂಗ ಎಲ್ಲಾ ಅಂಗಿಗೂ ಪಟ್ಟಿ ಹೊಲಸ್ತೀರಿ. ನನಗ್ಯಾಕ ಒಂದೂ ಇಲ್ಲ?" ಅವಳನ್ನು ಎತ್ತಿಕೊಂಡೆ. ಒಂಬತ್ತು ವರ್ಷದವಳು ಇಷ್ಟು ಭಾರ ಇರುತ್ತಾಳೆಂದು ಗೊತ್ತಿರಲಿಲ್ಲ, ಎಷ್ಟು ವರ್ಷವಾಗಿತ್ತೋ ಎತ್ತಿಕೊಂಡು. ನಡುವೆ ಸಿಕ್ಕಿ ಆಕಾಶಬುಟ್ಟಿ ಜಜ್ಜಿಹೋಯಿತು. ಆ ವರ್ಷ ನಮ್ಮ ಬಾಗಿಲಿಗೆ ಕಟ್ಟಿದ್ದು ಅದನ್ನೇ.

ಮರುದಿನ ನಾನು ಕಚೇರಿಗೆ ರಜೆ ಹಾಕಿ ಪಟ್ಟಿಗಳನ್ನು ಬರೆದೆ. ಅವ್ವ ಹೊಲಿದರೆ ನಡೆಯುವುದಿಲ್ಲ, ಅಪ್ಪನೇ ಹೊಲಿಯಬೇಕು ಎಂದು ಮಿನ್ನಿ ಹಟ ಹಿಡಿದಳು. ಅವಳು ಹಟ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೂಜಿ ಚುಚ್ಚಿದರೆ ಧನುರ್ವಾಯು ಆಗಬಹುದೆಂಬ ಹೆದರಿಕೆಯಿಂದ ಸೂಜಿಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಮೂರು ಫ್ರಾಕುಗಳಿಗೆ ಮೂರು ಲಿಪಿಯ ಪಟ್ಟಿಗಳನ್ನು ಸೊಟ್ಟಸೊಟ್ಟಗೆ ಹೊಲಿದುಕೊಟ್ಟೆ. ಮುಂದಿನ ಮೇಳಾವಾದಲ್ಲಿ, ಆ ಮುಚ್ಚಿದ ಕೋಣೆಯೊಳಗೆ, ಅವಳು ಎಲ್ಲರಿಗೂ ಫ್ರಾಕಿನ ಅಂಚು ಮಡಚಿ ಪಟ್ಟಿ ತೋರಿಸಿದಳಂತೆ. ಅಂದು ಸಂಜೆ ನಾಲ್ಕು ಮಕ್ಕಳು ತಮಗೂ ಪಟ್ಟಿ ಬೇಕೆಂದು ಹಟ ಮಾಡಿದರೆಂದೂ, ನಾಲ್ಕು ತಂದೆಯರು ನನ್ನ ವಿಳಾಸ ಕೇಳುತ್ತಿದ್ದಾರೆಂದೂ ಬಾಯಿ ನಗುತ್ತ ಹೇಳಿದರು. ಆ ತಂದೆಯರ ಬಗ್ಗೆ ನನಗೆ ಈಗಲೂ ಸ್ವಲ್ಪ ಭಯವಿದೆ.

ಮಿನ್ನಿ ಈಗ ಅಳುತ್ತಾಳೆ, ಪುಸ್ತಕ ಹರಿದರೆ ರಘುವಿನ ಮೇಲೆ ಕೂಗಾಡುತ್ತಾಳೆ, ಪಾಯಸ ಮಾಡದಿದ್ದರೆ ಮುಖ ಊದಿಸಿಕೊಂಡು ಕೂರುತ್ತಾಳೆ. ಮನೆಯಲ್ಲಿ ಮೊದಲಿನ ಶಾಂತಿ ಇಲ್ಲ. ನನ್ನ ಹೆದರಿಕೆಯೂ ಕಡಿಮೆಯಾಗಿಲ್ಲ, ಎರಡು ಪಾಲಾಗಿದೆ, ಎರಡೂ ಪಾಲು ಮೊದಲಿನಷ್ಟೇ ದೊಡ್ಡವು. ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮುಂಚೆ ನನ್ನ ಬಾಯಿಂದ ಬರುವ ಮಾತು ಒಂದೇ, "ಮಿನ್ನಿ ಎಲ್ಲಿ?" ಊಟಕ್ಕೆ ಕೂತಾಗ ಕೇಳುತ್ತೇನೆ, ಪತ್ರಿಕೆ ಓದುವಾಗ ನಡುವೆ ಕೇಳುತ್ತೇನೆ. ರಘು ತನ್ನ ಆಟದ ಗಾಡಿಯಿಂದ ತಲೆ ಎತ್ತುವುದೇ ಇಲ್ಲ. "ಅವ್ವನ ಜೋಡಿ ಅದಾಳ. ಸುಮ್ಕಿರು" ಅನ್ನುತ್ತಾನೆ. ನಾನು ಎದ್ದು ಅಡಿಗೆಮನೆಯವರೆಗೆ ಹೋಗಿ ನೋಡಿಕೊಂಡು ಬರುತ್ತೇನೆ.